ತಾಂಡಾದ ಮಾತು, ಊರಿನ ಮಾತು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಊರುಗಳಿಂದ ತುಸು ದೂರದಲ್ಲಿ ಲಂಬಾಣಿಗರ ತಾಂಡಾಗಳು ಕಾಣಸಿಗುತ್ತವೆ. ಊರಿನಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ, ಅವರೇ ಕರೆಯುವಂತೆ ಗೋರ್ ಬೋಲಿ. ಸಂತೆಗೆ, ಕಚೇರಿಗೆ, ಆಸ್ಪತ್ರೆಗೆ, ಶಾಲೆಗೆ ಬರುವಾಗ ತಾಂಡಾದವರು ತಮ್ಮ ಮಾತನ್ನು ಕನ್ನಡಕ್ಕೆ ತಿರುಗಿಸಿಕೊಂಡು ಬರುತ್ತಾರೆ. ಊರಿನವರು ತಾಂಡಾಕ್ಕೆ ಹೋದಾಗಲೂ ನಡೆಯುವುದು ಕನ್ನಡವೇ. ಅನುವಾದದ ಹೊರೆಯೆಲ್ಲ ಒಂದೇ ಹೆಗಲ ಮೇಲೆ ಬಿದ್ದಿರುವುದು ನ್ಯಾಯವಲ್ಲ.

ಈ ಎರಡು ಭಾಷೆಗಳ ಕುಲ ಬೇರೆ ಬೇರೆ. ಕನ್ನಡವು ದ್ರಾವಿಡ ಭಾಷೆ; ಲಂಬಾಣಿಯು ರಾಜಸ್ಥಾನದ ನುಡಿಗಳಿಗೆ ಹತ್ತಿರವಾದ ಆರ್ಯ ಭಾಷೆ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶ ಸುತ್ತಿದ ಜನರೊಡನೆ ಅದು ದಕ್ಷಿಣಕ್ಕೆ ಬಂದಿತು. ಆದರೂ ದಿನಬಳಕೆಯ ಮಾತುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಅವು ಎಷ್ಟು ಸಮೀಪವೆನಿಸುತ್ತವೆ! ‘ನಿನ್ನ ಹೆಸರೇನು?’ ಎನ್ನುವುದಕ್ಕೆ ‘ತಾರೋ ನಾಮ್ ಕಾಂಯಿ?’ ಎನ್ನುತ್ತಾರೆ. ಪದಗಳು ಬೇರೆ, ಅವು ನಿಂತ ಸಾಲು ಒಂದೇ. ಇಂಗ್ಲಿಷಿನವನು ತಾನು ಹಸಿದಿರುವೆನೆಂದು ಹೇಳಿದರೆ, ಕನ್ನಡಿಗನು ‘ನನಗೆ ಹಸಿವಾಗಿದೆ’ ಎನ್ನುತ್ತಾನೆ. ಲಂಬಾಣಿಗನೂ ‘ಮನ’, ಅಂದರೆ ‘ನನಗೆ’ ಎಂದೇ ಆ ಮಾತನ್ನು ಆರಂಭಿಸುತ್ತಾನೆ. ಇಬ್ಬರಲ್ಲಿಯೂ ಹಸಿವು ತಾನಾಗಿ ಮನುಷ್ಯನ ಬಳಿಗೆ ಬರುತ್ತದೆ.

ಹಾಗೆಂದು ಪದಕ್ಕೆ ಪದವಿಟ್ಟರೆ ಸಾಲದು. ತಾಂಡಾದಲ್ಲಿ ಎದುರಾದವರನ್ನು ‘ಬಾಟಿ ತಿಂದೆಯಾ?’ ಎಂದು ವಿಚಾರಿಸುತ್ತಾರೆ. ಬಾಟಿ ಎಂದರೆ ರೊಟ್ಟಿ. ಇದನ್ನು ‘ರೊಟ್ಟಿ ತಿಂದೆಯಾ?’ ಎಂದು ಅನುವಾದಿಸಿದರೆ, ಮುದ್ದೆ ಉಂಡು ಬಂದವನು ‘ಇಲ್ಲ’ ಎನ್ನಬೇಕಾದೀತು! ಅದು ಕನ್ನಡದ ‘ಊಟವಾಯಿತೆ?’ ಎಂಬ ಮಾತು. ಊಟದ ಲೆಕ್ಕವಲ್ಲ, ಒಲವಿನ ವಿಚಾರಣೆ. ಇನ್ನು ‘ಪೇಟ್’ ಎಂಬುದು ಕನ್ನಡದ ಕಿವಿಗೆ ತಲೆಗೆ ಸುತ್ತುವ ರುಮಾಲು. ಲಂಬಾಣಿಯಲ್ಲಿ ಅದು ಹೊಟ್ಟೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೋವಿನಿಂದ ನರಳುತ್ತಿರುವ ವೃದ್ಧೆಯ ಬಾಯಿಂದ ಈ ಪದ ಬಂದಾಗ ಅದು ನಗೆಯ ವಿಷಯವಾಗಿ ಉಳಿಯುವುದಿಲ್ಲ.

ಲಿಂಗದ ತೊಡಕು ಇನ್ನೂ ಸೂಕ್ಷ್ಮವಾದುದು. ಲಂಬಾಣಿಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಎರಡೇ, ನಪುಂಸಕಲಿಂಗವಿಲ್ಲ. ಅವನು, ಅವಳು, ಅದು ಎಂಬ ಮೂರಕ್ಕೂ ‘ಊ’ ಒಂದೇ ಸಾಕು. ಈ ಮಾತಿನಲ್ಲಿ ಬೆಳೆದ ಮಗು ಒಂದನೆಯ ತರಗತಿಯಲ್ಲಿ ‘ಕಲ್ಲು ಬಿದ್ದನು’ ಎಂದರೆ ತರಗತಿ ನಗುತ್ತದೆ. ಆದರೆ ಮಗು ದಡ್ಡತನ ತೋರಿದ್ದಲ್ಲ; ತನಗೆ ತಿಳಿದ ವ್ಯಾಕರಣವನ್ನು ಕನ್ನಡಕ್ಕೆ ಅನ್ವಯಿಸಿದೆ. ನಕ್ಕವರಲ್ಲಿ ಎಷ್ಟು ಮಂದಿ ಎರಡನೆಯ ಭಾಷೆಯಲ್ಲಿ ಅಷ್ಟನ್ನಾದರೂ ಹೇಳಬಲ್ಲರು?

‘ತಾಂಡಾದವರಿಗೆಲ್ಲ ಕನ್ನಡ ಬರುತ್ತದೆಯಲ್ಲ, ನಮಗೇಕೆ ಅವರ ಮಾತು?’ ಎಂದು ಕೆಲವರು ಆಕ್ಷೇಪಿಸುವುದುಂಟು. ದುಡಿಯುವ ವಯಸ್ಸಿನವರ ಮಟ್ಟಿಗೆ ಅದು ನಿಜ. ಶಾಲೆಯ ಹೊಸ್ತಿಲಲ್ಲಿ ನಿಂತ ಎಳೆಯರಿಗೂ ನೋವಿನಲ್ಲಿರುವ ಮುದುಕರಿಗೂ ಆ ಮಾತು ಸಲ್ಲದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸಲು ಅನುಕೂಲ ಕಲ್ಪಿಸಬೇಕೆಂಬ ವಿಧಿ 1956ರಲ್ಲಿಯೇ ಸಂವಿಧಾನಕ್ಕೆ ಸೇರಿತು. ಆದರೆ 2011ರ ಜನಗಣತಿಯಲ್ಲಿ ಲಂಬಾಣಿ ಮಾತೃಭಾಷೆಯೆಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕದೊಳಗೆ ಸೇರಿಸಲಾಯಿತು.

ಈ ಭಾಷೆಯ ಹರವು ಅರಿಯಬೇಕಾದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಬೇಕು. ಅದು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಜನ ಸೇರುತ್ತಾರೆ. ಸ್ವಂತ ಲಿಪಿಯಿಲ್ಲದ ತಮ್ಮ ನುಡಿಯನ್ನು ಅವರು ದೇವನಾಗರಿಯಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಬರೆಯುವವರು. ಆಡತೊಡಗಿದರೆ ಮಾತ್ರ ದುಭಾಷಿಯ ಅಗತ್ಯವಿಲ್ಲ.

ಕನ್ನಡ ಅಕ್ಷರಗಳಲ್ಲೇ ಬರೆಯಬಹುದಾದುದರಿಂದ ಕಲಿಯುವವರಿಗೆ ಹೊಸ ಲಿಪಿಯ ತೊಂದರೆಯೂ ಇಲ್ಲ. ತಾಂಡಾದ ಮಕ್ಕಳು ಬರುವ ಪ್ರತಿ ಶಾಲೆಯೂ ನಿತ್ಯದ ಐವತ್ತು ಮಾತುಗಳ ಒಂದು ಪುಸ್ತಕವನ್ನು ತಾನೇ ಸಿದ್ಧಪಡಿಸಬಹುದು. ಅದರ ಒಂದು ಪ್ರತಿ ಹತ್ತಿರದ ಆಸ್ಪತ್ರೆಯ ದಾದಿಯ ಮೇಜಿನ ಮೇಲಿರಲಿ. ತಾಯಿಗೆ ‘ಯಾಡಿ’, ನೀರಿಗೆ ‘ಪಾಣಿ’ ಎಂದು ಮೊದಲ ಪುಟ ತೊಡಗಬಹುದು. ಹೇಳಿ ಬರೆಸಲು ಬೇಕಾದ ಗುರು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವ ತಾಂಡಾದ ಹುಡುಗನೇ.