ಕೆಪೆಲ್ಲನ ಭಾವಚಿತ್ರ

ಇಂಗ್ಲಿಷ್ ಚಿತ್ರಕಾರ ಜೋಷುವಾ ರೆನಾಲ್ಡ್ಸನು 1752-53ರಲ್ಲಿ ರಚಿಸಿದ, ಇಂದು ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿರುವ ಬ್ರಿಟಿಷ್ ನೌಕಾಧಿಕಾರಿ ಅಗಸ್ಟಸ್ ಕೆಪೆಲ್ಲನ ಭಾವಚಿತ್ರದಲ್ಲಿ, ಕವಿದ ಮೇಘಗಳಡಿ, ಕ್ಷುಬ್ಧ ಸಮುದ್ರದ ದಂಡೆಯ ಮೇಲೆ, ಕೈಚಾಚಿ ಮುನ್ನಡೆಯುತ್ತಿರುವ ಆ ತರುಣನನ್ನು ಕಂಡಾಗ, 1747ರಲ್ಲಿ ಫ್ರೆಂಚ್ ಹಡಗೊಂದನ್ನು ಬೆನ್ನಟ್ಟುತ್ತ ಫ್ರಾನ್ಸಿನ ಕರಾವಳಿಯಲ್ಲಿ ‘ಮೇಡ್‌ಸ್ಟನ್’ ನೌಕೆಯನ್ನೇ ಕಳೆದುಕೊಂಡ ಅವನ ವಿಪತ್ತು ನೆನಪಿಗೆ ಬರುತ್ತದೆ. ನೌಕಾಧಿಕಾರಿಯ ಭಾವಚಿತ್ರವೆಂದರೆ ಖಡ್ಗ, ಪದಕ, ವಿಜಯಧ್ವಜಗಳ ಪ್ರದರ್ಶನವೆಂದು ಬಗೆದವರು ಇದರ ಮುಂದೆ ತುಸು ಹೊತ್ತು ನಿಲ್ಲಬೇಕು. ಭಗ್ನನೌಕೆಯ ನಾಯಕನನ್ನು ನಾಯಕನಾಗಿಯೇ ತೋರಿದ ಧೈರ್ಯ ಇಲ್ಲಿಯದು.

ಹದಿಹರೆಯದಲ್ಲಿಯೇ ನೌಕಾನಾಯಕ ಆನ್ಸನ್ನನೊಡನೆ ಭೂಪ್ರದಕ್ಷಿಣೆ ಮಾಡಿ ಬಂದಿದ್ದ ಕೆಪೆಲ್ಲನು, 1749ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಹೊರಟಾಗ, ಇನ್ನೂ ಪ್ರಸಿದ್ಧಿಗೆ ಬಾರದ ರೆನಾಲ್ಡ್ಸನನ್ನು ತನ್ನ ಹಡಗಿನಲ್ಲಿಯೇ ಕರೆದೊಯ್ದನು. ಇಟಲಿಯಲ್ಲಿ ಪ್ರಾಚೀನ ಶಿಲ್ಪಗಳನ್ನು ಕಂಡು ಕಲಿತ ಚಿತ್ರಕಾರನು, ದೇವಪ್ರತಿಮೆಯನ್ನು ನೆನಪಿಸುವ ನಿಲುವನ್ನು ಮಿತ್ರನಿಗೆ ಇತ್ತು ಆ ಋಣವನ್ನು ತೀರಿಸಿದನೆಂದೇ ನನ್ನ ಭಾವನೆ.

ಫ್ರೆಂಚರೊಡನೆ ನಡೆದ 1778ರ ಉಶಾಂಟ್ ನೌಕಾಕದನದ ತರುವಾಯ, ಅದರಲ್ಲಿನ ತನ್ನ ನಡತೆಯ ಕುರಿತು, ಕೆಪೆಲ್ಲನು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. 1779ರಲ್ಲಿ ದೋಷಮುಕ್ತನಾಗಿ ಹೊರಬಂದ ಆ ಪ್ರೌಢನ ಮುಖವನ್ನೂ ರೆನಾಲ್ಡ್ಸನೇ ಮತ್ತೆ ಚಿತ್ರಿಸಿದನು.