ಕರ್ತೃವಿಲ್ಲದ ಕನ್ನಡ

ಕಚೇರಿಗಳಿಂದ ಬರುವ ಕನ್ನಡ ಕಾಗದಗಳನ್ನು ಓದುವಾಗಲೆಲ್ಲ ನನಗೊಂದು ಸಂದೇಹ ತಲೆದೋರುತ್ತದೆ: ಈ ನಾಡಿನಲ್ಲಿ ಕೆಲಸ ಮಾಡುವವರು ಯಾರೂ ಇಲ್ಲವೋ ಏನೋ! ಅರ್ಜಿಯನ್ನು ‘ತಿರಸ್ಕರಿಸಲಾಗಿದೆ’; ದಂಡವನ್ನು ‘ವಿಧಿಸಲಾಗಿದೆ’; ನೀರಿನ ಸರಬರಾಜನ್ನು ‘ನಿಲ್ಲಿಸಲಾಗುವುದು’; ಇಷ್ಟೆಲ್ಲ ಆದ ಮೇಲೆ ನಮಗಾದ ‘ಅನಾನುಕೂಲತೆ’ಗಾಗಿ ‘ವಿಷಾದಿಸಲಾಗಿದೆ’. ತಿರಸ್ಕರಿಸಿದವರು ಯಾರು, ನಿಲ್ಲಿಸುವವರು ಯಾರು, ವಿಷಾದಪಟ್ಟವರಾದರೂ ಯಾರು? ವಾಕ್ಯವನ್ನು ತಿರುವಿಮುರುವಿ ನೋಡಿದರೂ ಒಬ್ಬ ಮನುಷ್ಯನು ಸಿಕ್ಕುವುದಿಲ್ಲ. ಅನುಕೂಲದ ವಿರುದ್ಧಪದ ‘ಅನನುಕೂಲ’ವೆಂಬ ವ್ಯಾಕರಣದ ಮಾತು ಹಾಗಿರಲಿ, ವಿಷಾದವು ಹೃದಯದಲ್ಲಿ ಹುಟ್ಟತಕ್ಕ ಭಾವ. ಅದನ್ನು ಪಡುವವನೇ ಇಲ್ಲದೆ ಅದು ಕಾಗದದ ಮೇಲೆ ಹೇಗೆ ಇಳಿಯಿತೆಂಬುದು ನಮ್ಮ ಆಲಂಕಾರಿಕರೂ ಬಿಡಿಸಲಾರದ ಒಗಟು.

ಇದು ಕನ್ನಡದ ಜಾಯಮಾನವಲ್ಲ. ಇಂಗ್ಲಿಷಿನ ಕಚೇರಿಶೈಲಿಯ ನೆರಳು. ‘ಇನ್‌ಕನ್ವೀನಿಯೆನ್ಸ್ ಈಸ್ ರಿಗ್ರೆಟೆಡ್’ ಎಂಬುದೇ ‘ವಿಷಾದಿಸಲಾಗಿದೆ’ಯ ಮೂಲ. ‘ವಿತ್ ರೆಫರೆನ್ಸ್ ಟು ದಿ ಅಬವ್’ ಎಂಬುದು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ಯಾಗಿದೆ. ‘ದಿ ಅಂಡರ್‌ಸೈನ್ಡ್’ ಎಂಬ ಗಂಭೀರಮೂರ್ತಿಯು ‘ಕೆಳಗೆ ಸಹಿ ಮಾಡಿದವರು’ ಎಂಬ ವೇಷದಲ್ಲಿ ನಮ್ಮೆದುರು ನಿಂತಿದ್ದಾನೆ. ಮೈಸೂರಿನ ಆಡಳಿತವು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮುಂಬಯಿ, ಮದರಾಸು ಪ್ರಾಂತಗಳಿಗೆ ಸೇರಿದ್ದ ಕನ್ನಡ ಜಿಲ್ಲೆಗಳು ಸ್ವಾತಂತ್ರ್ಯ ಬರುವವರೆಗೂ ಇಂಗ್ಲಿಷರ ಆಡಳಿತವನ್ನೇ ಕಂಡವು. 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಆಡಳಿತದ ಪೀಠಕ್ಕೇರಿಸಿದಾಗ ಅಕ್ಷರಗಳು ಬದಲಾದುವು. ವಾಕ್ಯದ ಅಚ್ಚು ಮಾತ್ರ ಹಳೆಯದೇ ಉಳಿಯಿತು.

ಇದರಲ್ಲೊಂದು ವಿನೋದವೂ ಇದೆ. ನಾವು ಇಷ್ಟು ಭಕ್ತಿಯಿಂದ ಅನುವಾದಿಸುತ್ತಿರುವ ಈ ಪದಪುಂಜಗಳನ್ನು ಇಂಗ್ಲಿಷಿನ ಒಳ್ಳೆಯ ಬರಹಗಾರರು ಎಂದೋ ಕಸದ ಬುಟ್ಟಿಗೆ ಹಾಕಿದ್ದಾರೆ. ಕರ್ತರಿಯಲ್ಲಿ ಹೇಳಬಹುದಾದುದನ್ನು ಕರ್ಮಣಿಯಲ್ಲಿ ಹೇಳಬೇಡಿರೆಂದು ಜಾರ್ಜ್ ಆರ್ವೆಲ್ 1946ರಲ್ಲಿಯೇ ಎಚ್ಚರಿಸಿದನು. ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ, ಬ್ರಿಟಿಷ್ ಸರ್ಕಾರದ ಖಜಾನೆ ಇಲಾಖೆಯ ಕೋರಿಕೆಯಂತೆ, ಸರ್ಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಎಂಬ ಕೈಪಿಡಿಯನ್ನು 1948ರಲ್ಲಿ ಬರೆದನು. ಜನರಿಗೆ ತಿಳಿಯುವಂತೆ ಬರೆಯಬೇಕೆಂದು ಅಮೆರಿಕವು 2010ರಲ್ಲಿ ತನ್ನ ಇಲಾಖೆಗಳಿಗೆ ಕಾನೂನನ್ನೇ ಮಾಡಿತು. ಯಜಮಾನನು ಬಿಸುಟ ಅಂಗಿಯನ್ನು ನಾವು ಹಬ್ಬದ ಉಡುಪೆಂದು ತೊಟ್ಟು ಮೆರೆಯುತ್ತಿದ್ದೇವೆ.

ಆ ಅಂಗಿ ನಮ್ಮ ಮೈಗೆ ಹೊಂದುವುದೂ ಇಲ್ಲ. ದ್ರಾವಿಡ ಭಾಷೆಗಳಿಗೆ ನಿಜವಾದ ಕರ್ಮಣಿ ರೂಪವೇ ಇಲ್ಲವೆಂದು ಕಾಲ್ಡ್‌ವೆಲ್ 1856ರಲ್ಲಿ ಪ್ರಕಟವಾದ ತನ್ನ ತೌಲನಿಕ ವ್ಯಾಕರಣದಲ್ಲಿ ಗುರುತಿಸಿದನು. ‘ಪಡು’ ಧಾತುವನ್ನು ಸೇರಿಸಿ ಅದನ್ನು ಸಾಧಿಸಬಹುದು, ನಿಜ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಉದಾಹರಣೆಯನ್ನು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಆದರೆ ಮೊಮ್ಮಗನಿಗೆ ರಾಮಾಯಣ ಹೇಳುವ ಯಾವ ಅಜ್ಜಿಯೂ ರಾವಣನನ್ನು ಈ ರೀತಿಯಲ್ಲಿ ಕೊಂದವಳಲ್ಲ.

ಕನ್ನಡದ ಕ್ರಿಯಾಪದವು ಕರ್ತೃವನ್ನು ತನ್ನ ತುದಿಯಲ್ಲಿಯೇ ಕಟ್ಟಿಕೊಂಡು ಬರುತ್ತದೆ. ‘ಕೊಟ್ಟೆನು’ ಎಂದರೆ ನಾನು. ‘ಕೊಟ್ಟಳು’ ಎಂದರೆ ಅವಳು. ‘ಕೊಟ್ಟರು’ ಎಂದರೆ ಅವರು. ಕರ್ತೃಪದವನ್ನು ಬಿಟ್ಟರೂ ಆಖ್ಯಾತಪ್ರತ್ಯಯವು ಮಾಡಿದವನ ಕೈಹಿಡಿದು ನಿಲ್ಲಿಸುತ್ತದೆ. ಬೀದಿಯನ್ನು ಯಾರು ಅಗೆದರೆಂದು ತಿಳಿಯದಿದ್ದಾಗ ನಾವು ‘ಬೀದಿ ಅಗೆದಿದ್ದಾರೆ’ ಎನ್ನುತ್ತೇವೆ. ಹೆಸರು ತಿಳಿಯದಿದ್ದರೂ ಅಗೆದವರು ಮನುಷ್ಯರು, ಅವರನ್ನು ಹುಡುಕಿ ಕೇಳಬಹುದು, ಎಂಬ ಅರಿವು ಆ ‘ದ್ದಾರೆ’ಯಲ್ಲಿ ಅಡಗಿದೆ. ‘ಬೀದಿಯನ್ನು ಅಗೆಯಲಾಗಿದೆ’ ಎಂದೊಡನೆ ಆ ಅರಿವು ಅಳಿಸಿಹೋಗುತ್ತದೆ. ಬೀದಿ ತಾನಾಗಿ ಬಾಯಿ ತೆರೆದುಕೊಂಡಂತೆ ತೋರುತ್ತದೆ.

ಕನ್ನಡದಲ್ಲಿ ಬೇರೆ ಉಪಾಯಗಳಿಗೆ ಬಡತನವಿದ್ದರೆ ಈ ಸಾಲವನ್ನು ಕ್ಷಮಿಸಬಹುದಾಗಿತ್ತು. ‘ಇಲ್ಲಿ ಧೂಮಪಾನವನ್ನು ನಿಷೇಧಿಸಲಾಗಿದೆ’ ಎಂಬುದಕ್ಕೆ ‘ಇಲ್ಲಿ ಬೀಡಿ ಸಿಗರೇಟು ಸೇದಬಾರದು’ ಎಂದರೆ ಸಾಕು. ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಎಂದು ಅರ್ಜಿಗಳಿಗೆ ಮದುವೆಯ ಕರೆಯೋಲೆ ಕಳುಹಿಸುವ ಬದಲು ‘ಅರ್ಜಿ ಸಲ್ಲಿಸಬಹುದು’ ಎಂದರೆ ಅರ್ಥಕ್ಕೆ ಕೊರತೆಯಿಲ್ಲ. ವೃತ್ತಪತ್ರಿಕೆಗಳಿಗೆ ಪ್ರಿಯವಾದ ‘ಎಂದು ಹೇಳಲಾಗಿದೆ’ ಎಂಬುದರ ಕೆಲಸವನ್ನು ನಮ್ಮ ‘ಅಂತೆ’ ಎಂಬ ಪುಟ್ಟ ಅವ್ಯಯವು ಎಷ್ಟು ಚೆನ್ನಾಗಿ ಮಾಡುತ್ತದೆ! ‘ನಾಳೆ ಸಭೆ ನಡೆಯುತ್ತದಂತೆ’ ಎಂದರೆ ನಾನು ಕಂಡುದಲ್ಲ, ಕೇಳಿದ್ದು, ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಂತೆ. ಅದು ಆಡುಮಾತೆಂದು ಮೂಗು ಮುರಿಯುವವರು ‘ಎಂದು ಸ್ಥಳೀಯರು ಹೇಳುತ್ತಾರೆ’ ಎಂದು ಬರೆಯಲಿ. ಹೇಳಿದವರು ಯಾರೆಂಬುದಾದರೂ ಓದುಗನಿಗೆ ತಿಳಿಯುತ್ತದೆ.

ನಾನು ಪರಭಾಷೆಯ ದ್ವೇಷಿಯಲ್ಲ. ಅರ್ಜಿ, ಜಮೀನು, ರಸೀದಿ ಮೊದಲಾದ ಮಾತುಗಳು ಪಾರಸಿಯ ದಾರಿಯಿಂದ ಬಂದು ನಮ್ಮ ಮನೆಯ ಮಕ್ಕಳಾಗಿವೆ. ಇಂಗ್ಲಿಷಿನ ಸಂಪರ್ಕವಿಲ್ಲದಿದ್ದರೆ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹುಟ್ಟುತ್ತಿರಲಿಲ್ಲ. ಪದಗಳು ಅತಿಥಿಗಳಂತೆ ಬಂದು ಕನ್ನಡದ ವಿಭಕ್ತಿಯನ್ನು ತೊಟ್ಟು ನಮ್ಮವಾಗುತ್ತವೆ. ವಾಕ್ಯರಚನೆಯ ಮಾತು ಬೇರೆ. ಅದು ಮನೆಯ ತೊಲೆ ಕಂಬಗಳನ್ನೇ ಕದಲಿಸುತ್ತದೆ.

ಕಚೇರಿಯ ಗಾಂಭೀರ್ಯಕ್ಕೆ ಇಂಥ ಶೈಲಿಯೇ ಬೇಕು, ಅಲ್ಲಿ ಮಾತನಾಡುವುದು ವ್ಯಕ್ತಿಯಲ್ಲ, ಅಧಿಕಾರಸ್ಥಾನ, ಎಂದು ಕೆಲವರು ವಾದಿಸುತ್ತಾರೆ. ಹಾಗಿದ್ದರೆ ಆ ಸ್ಥಾನವನ್ನೇ ಕರ್ತೃವಾಗಿ ಮಾಡಿಕೊಳ್ಳಲು ಅಡ್ಡಿಯೇನು? ‘ನಗರಸಭೆಯು ನಿಮ್ಮ ಅರ್ಜಿಯನ್ನು ಒಪ್ಪಲಿಲ್ಲ’ ಎಂದರೆ ಗಾಂಭೀರ್ಯವೂ ಉಳಿಯಿತು, ಹೊಣೆಯೂ ಉಳಿಯಿತು. ನಮ್ಮ ಪ್ರಾಚೀನ ಆಡಳಿತದ ಕನ್ನಡವನ್ನು ನೋಡಬೇಕೆಂದರೆ ಶಾಸನಗಳಿವೆ. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಹಲ್ಮಿಡಿಯ ಶಾಸನವು ದತ್ತಿ ಪಡೆದ ವಿಜ ಅರಸನ ಹೆಸರನ್ನು ಇಂದಿಗೂ ಹೇಳುತ್ತಿದೆ. ಆ ಬಳಿಕದ ದಾನಶಾಸನಗಳಲ್ಲಿ ಕೊಟ್ಟವನಾರು, ಪಡೆದವನಾರು, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳಾರು ಎಂಬ ವಿವರಗಳನ್ನು ಕಾಣುತ್ತೇವೆ. ಅನೇಕ ಕಡೆ ಕಲ್ಲಿನಲ್ಲಿ ಅಕ್ಷರ ಕೊರೆದ ರೂವಾರಿಯ ಹೆಸರೂ ಉಂಟು. ಕಲ್ಲು ಕಡೆದವನೂ ಹೊಣೆ ಹೊತ್ತು ಹೆಸರು ಬರೆದುಕೊಂಡ ನಾಡಿದು. ಕಾಗದ ಬರೆಯುವ ನಮಗೇಕೆ ಈ ಸಂಕೋಚ?

ಇದು ಪಂಡಿತರ ಶೈಲಿಚರ್ಚೆಯಷ್ಟೇ ಆಗಿದ್ದರೆ ಓದುಗರ ಭಾನುವಾರವನ್ನು ನಾನು ಕೆಡಿಸುತ್ತಿರಲಿಲ್ಲ. ಒಬ್ಬ ರೈತನಿಗೆ ಇಂಥ ಕಾಗದ ಬಂದಿತೆಂದು ಭಾವಿಸಿ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಅರ್ಜಿಯೊಂದಿಗೆ ಅಗತ್ಯ ದಾಖಲೆಗಳು ಲಗತ್ತಿಸಲ್ಪಡದೆ ಇರುವುದು ಕಂಡುಬಂದಿರುವುದರಿಂದ ಅದನ್ನು ತಿರಸ್ಕರಿಸಲಾಗಿದೆ.’ ಯಾವ ದಾಖಲೆ? ನೋಡಿದವರಾರು? ಮುಂದೇನು ಮಾಡಬೇಕು? ಕಾಗದದಲ್ಲಿ ಉತ್ತರವಿಲ್ಲ. ಅವನು ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಂಡು ತಾಲ್ಲೂಕು ಕಚೇರಿಗೆ ಬರುತ್ತಾನೆ. ಅಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ಹೊರಗೆ ಕುಳಿತ ಮಧ್ಯವರ್ತಿಯ ಕೈಗೆ ಬೀಳುತ್ತಾನೆ. ಅದನ್ನೇ ಹೀಗೆ ಬರೆದರೆ ಏನಾಗುತ್ತದೆ ನೋಡಿ: ‘ನಿಮ್ಮ ಅರ್ಜಿಯನ್ನು ನೋಡಿದೆನು. ಅದರ ಜೊತೆಯಲ್ಲಿ ಪಹಣಿ ಇರಲಿಲ್ಲ, ಆದ್ದರಿಂದ ಒಪ್ಪಲಿಲ್ಲ. ಪಹಣಿಯನ್ನು ಸೇರಿಸಿ ಮತ್ತೆ ಕೊಡಿ.’ ಪದಗಳು ಕಡಿಮೆಯಾದುವು; ಹೇಳಿದ ವಿಷಯ ಹೆಚ್ಚಾಯಿತು. ಸರಳವಾಗಿ ಬರೆಯಹೊರಟವನಿಗೆ ‘ಅಗತ್ಯ ದಾಖಲೆಗಳು’ ಎಂದು ತೇಲಿಸಿಬಿಡಲು ಸಾಧ್ಯವಾಗುವುದಿಲ್ಲ. ಯಾವ ದಾಖಲೆಯೆಂದು ಹೇಳಲೇಬೇಕಾಗುತ್ತದೆ.

ಮಾಹಿತಿಯ ಹಕ್ಕಿನ 2005ರ ಅಧಿನಿಯಮವು, ಮಾಹಿತಿ ಕೇಳಿದವನ ಕೋರಿಕೆಯನ್ನು ನಿರಾಕರಿಸುವಾಗ ಕಾರಣವೇನು, ಮೇಲ್ಮನವಿಯನ್ನು ಎಷ್ಟು ದಿನದೊಳಗೆ ಯಾರಿಗೆ ಸಲ್ಲಿಸಬೇಕು ಎಂಬುದನ್ನು ತಿಳಿಸಬೇಕೆಂದು ವಿಧಿಸುತ್ತದೆ. ಆ ಕಾನೂನು ಬಯಸುವ ಸ್ಪಷ್ಟತೆಯನ್ನು ಎಲ್ಲ ಕಾಗದಗಳಿಗೂ ತರಲು ಹೊಸ ಕಾನೂನೇನೂ ಬೇಡ. ಸಹಿ ಹಾಕುವ ಅಧಿಕಾರಿಯು ಲೇಖನಿ ಎತ್ತುವ ಮೊದಲು ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಲಿ. ‘ಲಾಗಿದೆ’ ಬಂದ ಕಡೆಯಲ್ಲೆಲ್ಲ ನಿಂತು ‘ಯಾರು?’ ಎಂದು ಕೇಳಿಕೊಳ್ಳಲಿ. ಉತ್ತರ ದೊರೆತರೆ ಅದನ್ನು ಬರೆಯಲಿ. ದೊರೆಯದಿದ್ದರೆ ಆ ಕಾಗದ ಇನ್ನೂ ಹೊರಗೆ ಹೋಗಲು ಸಿದ್ಧವಾಗಿಲ್ಲವೆಂದು ತಿಳಿದು ಕಡತಕ್ಕೆ ಹಿಂದಿರುಗಿಸಲಿ. ಕನ್ನಡ ಕಲಿಸುವ ನಾವೂ ನಮ್ಮ ಪಾಲಿನ ಕೆಲಸ ಮಾಡಬೇಕು: ಕರ್ತರಿಯನ್ನು ಕರ್ಮಣಿಗೆ ತಿರುಗಿಸಿರೆಂಬ ಪ್ರಶ್ನೆಯನ್ನು ಕೆಲವು ವರ್ಷ ಬದಿಗಿಟ್ಟು, ಕರ್ಮಣಿಯನ್ನು ಕರ್ತರಿಗೆ ತಿರುಗಿಸಿರೆಂದು ಕೇಳೋಣ. ನಾಳೆ ಆ ಕಚೇರಿಗಳ ಕುರ್ಚಿಗಳಲ್ಲಿ ಕುಳಿತುಕೊಳ್ಳುವವರು ಇಂದು ನಮ್ಮ ತರಗತಿಗಳಲ್ಲಿದ್ದಾರೆ.