ಮುಂಚಾಚಿದ ಬಂಡೆಯೂ ಪ್ರಯೋಗಶಾಲೆಯೂ

ಬಂಡೆ ಹತ್ತುವುದು ತೋಳ್ಬಲದ ಆಟವೆಂದು ಜನ ಭಾವಿಸುವುದು ಸಹಜ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ಹೆಸರಾದ ಜ್ಯೋತಿರಾಜರನ್ನು ಕಂಡವರು ಮೊದಲು ಹೊಗಳುವುದು ಅವರ ತೋಳುಗಳನ್ನೇ. ಆದರೆ ಈ ವಿದ್ಯೆಯಲ್ಲಿ ಇನ್ನೊಂದು ಬಗೆಯುಂಟು. ಎಂಟು ಹತ್ತು ಮೀಟರಿಗಿಂತ ಹೆಚ್ಚು ಎತ್ತರವಿಲ್ಲದ, ಹತ್ತುವವನ ತಲೆಯ ಮೇಲೆ ಚಾಚಿ ನಿಂತ ಬಂಡೆಯ ಗಿಡ್ಡ ದಾರಿ ಅದು. ಅಂಥ ದಾರಿಯನ್ನು ಬಿಡಿಸುವುದು ಮುಖ್ಯವಾಗಿ ಪ್ರಯೋಗವಿಜ್ಞಾನದ ಕೆಲಸ, ಮತ್ತು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳು ಅದರಿಂದ ಕಲಿಯತಕ್ಕದ್ದು ಬಹಳವಿದೆ ಎಂಬುದು ನಮ್ಮ ಮತ.

ಬಾದಾಮಿಯ ಮರಳುಗಲ್ಲಿನಲ್ಲಿ ಇಂಥ ಸಾಹಸಕ್ಕೆಂದು ಬೋಲ್ಟು ಜಡಿದ ದಾರಿಗಳು ಅನೇಕ. ಹಗ್ಗ ಆ ಬೋಲ್ಟುಗಳ ಮೂಲಕ ಹಾದು, ಕೆಳಗೆ ನಿಂತ ಜೊತೆಗಾರನ ಕೈ ಸೇರಿರುತ್ತದೆ. ಸಾಧಕನು ಬೀಳುತ್ತಾನೆ, ಹಗ್ಗದಲ್ಲಿ ತೂಗುತ್ತ ವಿಶ್ರಮಿಸುತ್ತಾನೆ, ಬಿದ್ದ ಎಡೆಯನ್ನೇ ಮತ್ತೆ ಪರೀಕ್ಷಿಸುತ್ತಾನೆ. ದಾರಿಯನ್ನು ನಾಲ್ಕೈದು ತುಂಡುಗಳಾಗಿ ಒಡೆದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತಾನೆ: ಇಂದು ಕಾಲಿಡುವ ಜಾಗ, ನಾಳೆ ಸೊಂಟದ ತಿರುವು. ಎಲ್ಲವೂ ತಿಳಿದ ಮೇಲೆ ಬುಡದಿಂದ ತುದಿಯವರೆಗೆ, ಬೀಳದೆ, ಹಗ್ಗಕ್ಕೆ ಭಾರ ಹಾಕದೆ ಏರಿದರೆ ಮಾತ್ರ ದಾರಿ ಗೆದ್ದಂತೆ. ಜರ್ಮನಿಯ ಕುರ್ಟ್ ಆಲ್ಬರ್ಟ್ ೧೯೭೫ರಲ್ಲಿ ಹೀಗೆ ಗೆದ್ದ ದಾರಿಯ ಬುಡದಲ್ಲಿ ಕೆಂಪು ಬೊಟ್ಟು ಬಳಿಯುವ ರೂಢಿ ಹಾಕಿದರು.

ಸೊಂಟದ ತಿರುವು ಅಷ್ಟು ದೊಡ್ಡದೇ ಎಂದು ವಾಚಕರು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಬಂಡೆ ಲಂಬದಿಂದ ೪೫ ಡಿಗ್ರಿ ಮುಂದಕ್ಕೆ ಬಾಗಿದೆ; ಹತ್ತುವವನ ತೂಕ ೬೦ ಕಿಲೋಗ್ರಾಂ; ಕೈಗೂ ಕಾಲಿಗೂ ನಡುವೆ ೧.೬ ಮೀಟರು, ಕಾಲಿನಿಂದ ಗುರುತ್ವಕೇಂದ್ರಕ್ಕೆ ಬಂಡೆಯ ಉದ್ದಕ್ಕೆ ೦.೯ ಮೀಟರು. ಗುರುತ್ವಕೇಂದ್ರ ಬಂಡೆಯಿಂದ ೪೦ ಸೆಂಟಿಮೀಟರು ದೂರವಿದ್ದರೆ, ದೇಹವನ್ನು ಬಂಡೆಯ ಕಡೆಗೆ ಎಳೆದಿಡಲು ಕೈಗಳು ಸುಮಾರು ೩೪.೫ ಕಿಲೋಗ್ರಾಂ ತೂಕದಷ್ಟು ಬಲವನ್ನು ಒದಗಿಸಬೇಕೆಂದು ಸನ್ನೆಗೋಲಿನ ನಿಯಮ ಹೇಳುತ್ತದೆ. ಸೊಂಟವನ್ನು ತಿರುಗಿಸಿ ಆ ದೂರವನ್ನು ೨೦ ಸೆಂಟಿಮೀಟರಿಗೆ ಇಳಿಸಿದರೆ ೨೯ ಸಾಕು. ಬೆರಳಿನಿಂದ ಇಳಿದ ಐದು ಕಿಲೋಗ್ರಾಂ ಎಲ್ಲಿ ಹೋಯಿತು? ಮೆಟ್ಟಿದ ಅಂಚನ್ನು ಕೊಕ್ಕೆಯಂತೆ ಎಳೆಯುವ ಕಾಲ್ಬೆರಳುಗಳು ಅದನ್ನು ಹೊತ್ತವು. ಬೀಳುವುದಕ್ಕೂ ನಿಲ್ಲುವುದಕ್ಕೂ ಅಂತರ ಎಷ್ಟೋ ವೇಳೆ ಇಷ್ಟೇ. ಸೂತ್ರ ತಿಳಿಯದ ಸಾಧಕನೂ ಇದನ್ನು ಬಿದ್ದು ಬಿದ್ದು ಕಂಡುಕೊಳ್ಳುತ್ತಾನೆ. ಅವನಿಗೆ ಪ್ರತಿಯೊಂದು ಬೀಳುವಿಕೆಯೂ ಒಂದು ಅಳತೆ.

ಇನ್ನು ನಮ್ಮ ವಿದ್ಯಾರ್ಥಿಯನ್ನು ನೋಡಿ. ಲೋಲಕದ ಪ್ರಯೋಗದಲ್ಲಿ ಗುರುತ್ವದ ವೇಗೋತ್ಕರ್ಷ ೯.೮ ಬರಬೇಕೆಂದು ಅವನು ಮೊದಲೇ ಬಲ್ಲ. ೯.೩ ಬಂದರೆ ಕಾರಣ ಹುಡುಕುವುದಿಲ್ಲ. ಪಕ್ಕದವನ ಅಂಕಿಗಳನ್ನು ರೆಕಾರ್ಡು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ. ದಾರವನ್ನು ತಪ್ಪಾಗಿ ಅಳೆದನೋ, ಆಂದೋಲನಗಳನ್ನು ತಪ್ಪಾಗಿ ಎಣಿಸಿದನೋ ಅವನಿಗೆ ಎಂದೂ ತಿಳಿಯದು. ಇದು ಅವನೊಬ್ಬನ ದೋಷವಲ್ಲ. ಸರಿಯುತ್ತರಕ್ಕೆ ಮಾತ್ರ ಅಂಕ ಕೊಡುವ ನಾವು, ಅಧ್ಯಾಪಕರು, ಅವನಿಗೆ ಬೀಳಲು ಹಗ್ಗವನ್ನೇ ಕೊಟ್ಟಿಲ್ಲ.

ಹತ್ತುವವನಿಗೆ ಪರೀಕ್ಷೆಯ ದಿನಾಂಕವಿಲ್ಲ, ವಿದ್ಯಾರ್ಥಿಗೆ ಉಂಟು ಎಂದು ಆಕ್ಷೇಪಿಸಬಹುದು. ಆದರೆ ಹತ್ತುವವನಿಗೂ ಬೆರಳ ತುದಿಯ ಚರ್ಮ ಸವೆಯುವವರೆಗಷ್ಟೇ ಅವಕಾಶ. ಆದುದರಿಂದಲೇ ಅವನು ಯೋಚಿಸಿ ಬೀಳುತ್ತಾನೆ. ಒಂದು ಅವಧಿಯಲ್ಲಿ ಒಂದು ಪ್ರಯೋಗವನ್ನಾದರೂ ಹೀಗೆ ನಡೆಸಿದರೆ ಸಾಕು: ತಪ್ಪಿದ ಅಳತೆಗಳನ್ನು ಅಳಿಸದೆ ಬರೆದಿಡಬೇಕು, ಏನನ್ನು ಬದಲಿಸಿದೆವೆಂದು ಹೇಳಬೇಕು, ಅಂಕ ಅದಕ್ಕೆ ಸಲ್ಲಬೇಕು.

ಗರುಡಾಚಾರ್‌ಪಾಳ್ಯದ ಹುಡುಗರಿಗೆ ಬಾದಾಮಿ ದೂರವಾದೀತು. ಆದರೆ ೨೦೨೩ರಿಂದ ಮೆಟ್ರೋದ ನೇರಳೆ ಮಾರ್ಗ ಈ ಊರನ್ನು ಇಂದಿರಾನಗರಕ್ಕೆ ಜೋಡಿಸಿದೆ. ಅಲ್ಲಿ ಮನೆಯೊಳಗೇ ಕಟ್ಟಿದ, ಮುಂದಕ್ಕೆ ಬಾಗಿದ ಗೋಡೆಯುಂಟು, ಕೆಳಗೆ ದಪ್ಪನೆಯ ಹಾಸಿಗೆಯುಂಟು. ಭೌತವಿಜ್ಞಾನದ ತರಗತಿಯನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುವುದು ವಿಹಾರವೆನಿಸದು. ತನ್ನ ಬೆರಳಿನಿಂದ ಐದು ಕಿಲೋಗ್ರಾಂ ಇಳಿದದ್ದನ್ನು ಒಮ್ಮೆ ಅರಿತ ವಿದ್ಯಾರ್ಥಿ ಪಕ್ಕದವನ ಅಂಕಿಗೆ ಕೈ ಚಾಚಲಾರನೆಂದು ನಾವು ನಂಬುತ್ತೇವೆ.